ರೋಮಾನಿ ಪೂರ್ವಿಕರ ಜಾಡು: ಇಂಗ್ಲೆಂಡಿನ ದಾಖಲೆಗಳಲ್ಲಿ ಹುಡುಕುವುದು ಹೇಗೆ?

ತುಂಗಾತೀರ (ರೆಡಿಂಗ್)

ಎಲ್ಲರಿಗೂ ನಮಸ್ಕಾರ. ವಂಶಾವಳಿ ಹುಡುಕುವ ಕೆಲಸದಲ್ಲಿ ಪಳಗಿದವರು ಇಲ್ಲಿ ಹಲವರಿದ್ದೀರಿ ಎಂಬ ಧೈರ್ಯದಿಂದ ಕೇಳುತ್ತಿದ್ದೇನೆ. ನಾನು ತೀರ್ಥಹಳ್ಳಿಯವಳು, ಮದುವೆಯಾಗಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ. ಮಗಳಿಗೆ ಎರಡೂ ಮನೆತನಗಳ ವಂಶವೃಕ್ಷ ಬರೆದುಕೊಡಬೇಕೆಂಬುದು ನನ್ನ ಆಸೆ. ನಮ್ಮ ಕಡೆಯದು ಸೋದರಮಾವನ ಬಾಯಿಂದಲೇ ಐದು ತಲೆಮಾರಿನವರೆಗೆ ಸಿಕ್ಕಿತು. ಮಾವನವರ ಕಡೆಯದು ಒಂದೇ ಹಳ್ಳಿಯ ಚರ್ಚಿನ ರಿಜಿಸ್ಟರುಗಳಲ್ಲಿ ಇನ್ನೂರು ವರ್ಷ ಹಿಂದಕ್ಕೆ ಹೋಯಿತು. ಅತ್ತೆಯವರ ಅಜ್ಜಿಯ ಹತ್ತಿರ ಬಂದಾಗ ಮಾತ್ರ ದಾರಿಯೇ ಕಾಣದಾಯಿತು.

ಆಕೆಯ ಜನನ ಪತ್ರ ಕೈಯಲ್ಲಿದೆ. 1893ರ ಸೆಪ್ಟೆಂಬರ್. ಹುಟ್ಟಿದ ಸ್ಥಳ ಎಂಬಲ್ಲಿ ಹ್ಯಾಂಪ್‌ಶೈರಿನ ಆಲ್ಟನ್ ಹತ್ತಿರದ ಒಂದು ತೋಟದ ಹೆಸರಿದೆ, ಅದರ ಮುಂದೆ ‘ಡೇರೆ’ ಎಂದಿದೆ. ತಂದೆಯ ಅಡ್ಡಹೆಸರು ಸ್ಮಿತ್, ಕಸುಬು ಬುಟ್ಟಿ ಹೆಣೆಯುವುದು. ತಾಯಿಯ ತವರಿನ ಹೆಸರು ಏಯರ್ಸ್. ಮಾಹಿತಿ ಕೊಟ್ಟವಳು ತಾಯಿಯೇ. ಸಹಿಯ ಜಾಗದಲ್ಲಿ ಒಂದು ಕತ್ತರಿ ಗುರುತು, ಅದರ ಸುತ್ತ ರಿಜಿಸ್ಟ್ರಾರರ ಅಕ್ಷರದಲ್ಲಿ ಆಕೆಯ ಹೆಸರು. 1901ರ ಜನಗಣತಿಯಲ್ಲಿ ಆ ಮಗು ಎಲ್ಲೂ ಸಿಗುತ್ತಿಲ್ಲ. ಸ್ಮಿತ್ ಎಂಬ ಹೆಸರಿನಲ್ಲಿ ಹುಡುಕಿದರೆ ಸಾವಿರಗಟ್ಟಲೆ ಜನ ಎದುರಾಗುತ್ತಾರೆ.

ಅತ್ತೆಯವರನ್ನು ಕೇಳಿದರೆ, ಸ್ಪೇನಿನ ನಾವಿಕನೊಬ್ಬ ನಮ್ಮ ವಂಶದಲ್ಲಿದ್ದನಂತೆ, ಅದಕ್ಕೇ ಅಜ್ಜಿಗೆ ಕಪ್ಪು ಕೂದಲು ಎನ್ನುತ್ತಾರೆ. ಅದಕ್ಕಿಂತ ಹೆಚ್ಚು ಹೇಳಲು ಅವರಿಗೆ ಮನಸ್ಸಿಲ್ಲ. ನನ್ನ ಗಂಡನ ಡಿಎನ್‌ಎ ಪರೀಕ್ಷೆಯಲ್ಲಿ ದಕ್ಷಿಣ ಏಷ್ಯಾದ ಪಾಲು ಒಂದಿಷ್ಟು ಬಂದಿದೆ. ಆಕೆ ರೋಮಾನಿ, ಅಂದರೆ ಜನ ಜಿಪ್ಸಿ ಎಂದು ಕರೆಯುವ ಅಲೆಮಾರಿ ಸಮುದಾಯದ ಮನೆಯವಳೇ? ಅದನ್ನು ತಿಳಿಯುವ ದಾರಿ ಯಾವುದು?

ದಾಖಲೆಮನೆ (ಲೀಡ್ಸ್)

ತಂಗೀ, ನೀವು ಕೊಟ್ಟ ಜನನ ಪತ್ರವೊಂದೇ ಅರ್ಧ ಕಥೆ ಹೇಳುತ್ತಿದೆ. ಸೆಪ್ಟೆಂಬರ್ ತಿಂಗಳು, ಆಲ್ಟನ್, ತೋಟ, ಡೇರೆ. ಆಲ್ಟನ್ ಮತ್ತು ಪಕ್ಕದ ಫಾರ್ನಮ್ ಆ ಕಾಲದಲ್ಲಿ ಹಾಪ್ಸ್ ಬೆಳೆಗೆ ಹೆಸರಾದ ಊರುಗಳು. ಬಿಯರ್‌ಗೆ ಹಾಕುವ ಆ ಹೂವಿನ ಕೊಯ್ಲು ಸೆಪ್ಟೆಂಬರಿನಲ್ಲೇ. ಕೊಯ್ಲಿಗೆ ಬಂದ ಕುಟುಂಬ ಅಲ್ಲಿ ಬಿಡಾರ ಹೂಡಿತ್ತು, ಅಲ್ಲಿ ಮಗು ಹುಟ್ಟಿತು. ಹಾಗೆಂದು ಅವರು ಆಲ್ಟನ್‌ನವರು ಎಂದು ತಿಳಿಯಬೇಡಿ. ಮಾವನವರ ವಂಶವನ್ನು ಊರು ಹಿಡಿದು ಹುಡುಕಿದಿರಿ. ಇವರನ್ನು ಹುಡುಕಬೇಕಾದರೆ ಋತು ಹಿಡಿಯಬೇಕು. ವಸಂತದಿಂದ ಚಳಿಗಾಲದವರೆಗೆ ಈ ಕುಟುಂಬಗಳು ಹೊಟ್ಟೆಪಾಡಿಗಾಗಿ ಸುತ್ತುತ್ತಿದ್ದ ಹಾದಿ ವರ್ಷವರ್ಷವೂ ಹೆಚ್ಚುಕಡಿಮೆ ಅದೇ. ಜೂನ್‌ನಲ್ಲಿ ಬಟಾಣಿ ಮತ್ತು ಸ್ಟ್ರಾಬೆರಿ, ಸೆಪ್ಟೆಂಬರಿನಲ್ಲಿ ಹಾಪ್ಸ್, ಆಮೇಲೆ ಆಲೂಗಡ್ಡೆ, ಚಳಿ ಬಿದ್ದ ಮೇಲೆ ಪಟ್ಟಣದ ಅಂಚಿನಲ್ಲೊಂದು ಬಾಡಿಗೆ ಅಂಗಳ. ನಡುನಡುವೆ ಕುದುರೆ ಸಂತೆಗಳು: ಆಪಲ್ಬಿಯದು ಜೂನ್‌ನಲ್ಲಿ, ಸ್ಟೋ ಆನ್ ದ ವೋಲ್ಡ್‌ನದು ಮೇ ಮತ್ತು ಅಕ್ಟೋಬರಿನಲ್ಲಿ, ಬಾರ್ನೆಟ್‌ನದು ಸೆಪ್ಟೆಂಬರಿನಲ್ಲಿ.

ಈಗ ಜನಗಣತಿಯ ದಿನಾಂಕಗಳನ್ನು ಇದರ ಮೇಲಿಟ್ಟು ನೋಡಿ. 1881ರದು ಏಪ್ರಿಲ್ 3, 1891ರದು ಏಪ್ರಿಲ್ 5, 1901ರದು ಮಾರ್ಚ್ 31, 1911ರದು ಏಪ್ರಿಲ್ 2. ಎಲ್ಲವೂ ಚಳಿ ಇನ್ನೂ ಬಿಡದ ದಿನಗಳು, ಅನೇಕ ಕುಟುಂಬಗಳು ಚಳಿಗಾಲದ ನೆಲೆಯನ್ನು ಬಿಟ್ಟಿರದ ಹೊತ್ತು. ಹಾಗಾಗಿ 1901ರಲ್ಲಿ ಆ ಮಗುವನ್ನು ಆಲ್ಟನ್‌ನಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಲಂಡನ್ನಿನ ಬ್ಯಾಟರ್ಸೀ, ವಾಂಡ್ಸ್‌ವರ್ತ್ ಕಡೆ ನೋಡಿ; ಅಲ್ಲಿನ ಅಂಗಳಗಳಲ್ಲಿ ಅವರು ಮನೆಯಂತೆ ವಾಸಿಸುತ್ತಿದ್ದ ಬಂಡಿಗಳು ಚಳಿಗಾಲ ಕಳೆಯುತ್ತಿದ್ದವು. 1921ರ ಗಣತಿ ಮಾತ್ರ ಜೂನ್ 19ಕ್ಕೆ ಮುಂದೂಡಿಕೆಯಾಯಿತು, ಆಗ ಅವರು ಹಾದಿಯಲ್ಲಿರುತ್ತಾರೆ. 1931ರ ಇಂಗ್ಲೆಂಡ್ ಮತ್ತು ವೇಲ್ಸ್‌ನ ಗಣತಿ ಬೆಂಕಿಯಲ್ಲಿ ಸುಟ್ಟುಹೋಯಿತು, 1941ರಲ್ಲಿ ಗಣತಿಯೇ ನಡೆಯಲಿಲ್ಲ. ಆ ಕೊರತೆಯನ್ನು ತುಂಬುವುದು 1939ರ ಸೆಪ್ಟೆಂಬರ್ 29ರ ರಾಷ್ಟ್ರೀಯ ನೋಂದಣಿ. ಅದರಲ್ಲಿ ಹುಟ್ಟಿದ ದಿನಾಂಕವೂ ಇರುತ್ತದೆ.

ಇನ್ನೊಂದು ಮುಖ್ಯ ವಿಷಯ. ಗಣತಿ ಪುಸ್ತಕದಲ್ಲಿ ಬೀದಿಗಳ ಮನೆಗಳೆಲ್ಲ ಮುಗಿದ ಮೇಲೆ, ಕೊನೆಯ ಪುಟಗಳಲ್ಲಿ, ಡೇರೆ, ಬಂಡಿ, ಕೊಟ್ಟಿಗೆಗಳಲ್ಲಿ ಮಲಗಿದ್ದವರ ಪಟ್ಟಿ ಇರುವುದುಂಟು. ಹೆಸರು ಹಾಕಿ ಹುಡುಕುವುದನ್ನು ಬಿಟ್ಟು ಆ ಕೊನೆಯ ಪುಟಗಳನ್ನು ಕಣ್ಣಾರೆ ಓದಿ. 1841ರಂತಹ ಹಳೆಯ ಗಣತಿಯಲ್ಲಿ ಅಂಥವರ ಹೆಸರು ಬರೆಯದೆ ಬರೀ ತಲೆ ಎಣಿಸಿ ಬಿಟ್ಟಿರುವುದೂ ಇದೆ.

ಬಳ್ಳಿತೋಟ (ಕೆಂಟ್)

ದಾಖಲೆಮನೆಯವರು ಹೇಳಿದ್ದಕ್ಕೆ ನನ್ನದೊಂದು ಸೇರ್ಪಡೆ. ಸ್ಮಿತ್ ಎಂಬ ಹೆಸರನ್ನು ಕಂಡು ಎದೆಗುಂದಬೇಡಿ ಅಕ್ಕ, ನಿಮ್ಮ ಕೈಯಲ್ಲಿ ತಾಯಿಯ ತವರಿನ ಹೆಸರಿದೆ. ಇಂಗ್ಲೆಂಡಿನ ಪ್ರಧಾನ ನೋಂದಣಿ ಕಚೇರಿಯ ಜಾಲತಾಣದ ಸೂಚಿಯಲ್ಲಿ 1837ರಿಂದಲೂ ಪ್ರತಿ ಜನನದ ಜೊತೆ ತಾಯಿಯ ತವರಿನ ಹೆಸರನ್ನು ಸೇರಿಸಿದ್ದಾರೆ. ಹಳೆಯ ಮುದ್ರಿತ ಸೂಚಿಗಳಲ್ಲಿ ಅದು ಬರುವುದು 1911ರಿಂದ ಈಚೆಗೆ. ಮಗುವಿನ ಹೆಸರನ್ನು ಖಾಲಿ ಬಿಟ್ಟು ಸ್ಮಿತ್, ಏಯರ್ಸ್ ಎರಡನ್ನೇ ಕೊಟ್ಟು ನೋಡಿ. ಒಡಹುಟ್ಟಿದವರು ಒಬ್ಬೊಬ್ಬರಾಗಿ ಸಿಕ್ಕರೆ, ಯಾರು ಯಾವ ತಾಲ್ಲೂಕಿನಲ್ಲಿ, ಯಾವ ತ್ರೈಮಾಸಿಕದಲ್ಲಿ ನೋಂದಣಿಯಾದರು ಎಂದು ಜೋಡಿಸಿ. ಆ ಕುಟುಂಬ ಸುತ್ತುತ್ತಿದ್ದ ಹಾದಿ ತಾನಾಗಿ ಬಿಡಿಸಿಕೊಳ್ಳುತ್ತದೆ.

ಸಿಗದಿದ್ದರೂ ಕೈಬಿಡಬೇಡಿ. ಎಷ್ಟೋ ರೋಮಾನಿ ದಂಪತಿಗಳು ಚರ್ಚಿನ ಮದುವೆಯಿಲ್ಲದೆ ತಮ್ಮ ಬಳಗದ ಒಪ್ಪಿಗೆಯಿಂದ ಸಂಸಾರ ಹೂಡುತ್ತಿದ್ದರು. ಹಾಗಾದಾಗ ರಿಜಿಸ್ಟ್ರಾರ್ ಮಗುವನ್ನು ತಾಯಿಯ ಅಡ್ಡಹೆಸರಿನಲ್ಲೇ ಬರೆದುಕೊಂಡಿರುವ ಸಂದರ್ಭಗಳಿವೆ, ಸೂಚಿಯಲ್ಲಿ ತವರಿನ ಹೆಸರಿನ ಜಾಗ ಖಾಲಿಯಾಗಿರುತ್ತದೆ. ಆದ್ದರಿಂದ ಬರೀ ಏಯರ್ಸ್ ಎಂದೂ ನೋಡಿ. ಓದು ಬರಹವಿಲ್ಲದ ತಾಯಿ ಬಾಯಲ್ಲಿ ಹೇಳಿದ್ದನ್ನು ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ. ಹೆರನ್, ಹರ್ನ್, ಹಿಯರ್ನ್ ಎಂದು ಒಂದೇ ಮನೆತನ ಮೂರು ರೂಪದಲ್ಲಿ ಕಾಣುತ್ತದೆ.

ಕಸುಬುಗಳ ಬಗ್ಗೆ: ಬುಟ್ಟಿ ಹೆಣೆಯುವುದು, ಕುರ್ಚಿಗೆ ಬೆತ್ತ ಹಾಕುವುದು, ಚಾಕುಗಳಿಗೆ ಸಾಣೆ ಹಿಡಿಯುವುದು, ಪಾತ್ರೆಗೆ ಕಲಾಯಿ ಹಾಕುವುದು, ಬಟ್ಟೆ ಒಣಗಿಸುವ ಮರದ ಕ್ಲಿಪ್ ಮಾಡುವುದು, ತಲೆಹೊರೆ ವ್ಯಾಪಾರ, ಕುದುರೆ ವ್ಯಾಪಾರ. ಇವು ಮತ್ತೆಮತ್ತೆ ಬರುತ್ತವೆ. ಬಾಸ್ವೆಲ್, ಲೀ, ಲವೆಲ್, ಕೂಪರ್, ಬಕ್‌ಲ್ಯಾಂಡ್, ಲವ್‌ರಿಜ್, ಸ್ಟ್ಯಾನ್ಲಿ, ವೇಲ್ಸ್‌ನಲ್ಲಿ ವುಡ್, ಇವು ಹೆಸರಾಂತ ಮನೆತನಗಳು. ಹೆಣ್ಣುಮಕ್ಕಳಿಗೆ ಸಿನ್‌ಫಾಯ್, ಮಿಜೆಲಿ, ಬ್ರಿಟಾನಿಯಾದಂತಹ ಹೆಸರುಗಳು. ಆದರೆ ಒಂದು ಗುರುತು ಮಾತ್ರ ಕಂಡರೆ ನಿರ್ಧಾರಕ್ಕೆ ಬರಬೇಡಿ. ಬುಟ್ಟಿ ಹೆಣೆಯುವ ಸ್ಮಿತ್‌ಗಳಲ್ಲಿ ನೆಲೆನಿಂತ ಹಳ್ಳಿಗರೂ ಬೇಕಾದಷ್ಟಿದ್ದರು. ಐರಿಷ್ ಅಲೆಮಾರಿಗಳು, ಜಾತ್ರೆಯ ಆಟದವರು, ಕಾಲುವೆ ದೋಣಿಯವರು ಬೇರೆಯದೇ ಸಮುದಾಯಗಳು. ಹೆಸರು, ಕಸುಬು, ಬಿಡಾರ, ಮಕ್ಕಳು ಹುಟ್ಟಿದ ಊರುಗಳು, ಮದುವೆ ಸಂಬಂಧ ಬೆಳೆಸಿದ ಮನೆತನಗಳು, ಎಲ್ಲವನ್ನೂ ತಾಳೆ ನೋಡಬೇಕು.

ಸ್ಪೇನಿನ ನಾವಿಕನ ಕಥೆಯನ್ನು ನಾನು ಇಲ್ಲಿ ಬೇರೆ ಮನೆಗಳಲ್ಲೂ ಕೇಳಿದ್ದೇನೆ. ಮಕ್ಕಳಿಗೆ ಶಾಲೆಯಲ್ಲಿ ಕಿರುಕುಳವಾಗದಿರಲಿ, ಬಾಡಿಗೆಗೆ ಮನೆ ಸಿಗಲಿ ಎಂದು ಒಬ್ಬ ಅಜ್ಜಿ ಆ ಕಥೆಯನ್ನು ಕಟ್ಟಿದ್ದರೆ, ಅವಳ ಮೇಲೆ ಬೇಸರಪಟ್ಟುಕೊಳ್ಳುವುದು ಸರಿಯಲ್ಲ.

ಜೀನುಗನ್ನಡಿ (ಬೆಂಗಳೂರು)

ತಳಿವಿಜ್ಞಾನ ನನ್ನ ಕ್ಷೇತ್ರ, ಆದ್ದರಿಂದ ಡಿಎನ್‌ಎ ಬಗ್ಗೆ ಮಾತ್ರ ಬರೆಯುತ್ತೇನೆ. ರೋಮಾ, ಅಂದರೆ ಯುರೋಪಿನ ರೋಮಾನಿ ಜನರ ಪೂರ್ವಿಕರು ಭಾರತ ಉಪಖಂಡದಿಂದ ಹೋದವರು ಎಂಬುದರಲ್ಲಿ ಅನುಮಾನವಿಲ್ಲ. ಭಾಷಾವಿಜ್ಞಾನಿಗಳು ಎಂದೋ ಕಂಡುಕೊಂಡದ್ದನ್ನು ಜೀನ್‌ಗಳ ಅಧ್ಯಯನವೂ ಎತ್ತಿಹಿಡಿದಿದೆ. ಯುರೋಪಿನ ಹದಿಮೂರು ರೋಮಾ ಗುಂಪುಗಳನ್ನು ಪರಿಶೀಲಿಸಿದ 2012ರ ಅಧ್ಯಯನವೊಂದು, ಅವರ ಮೂಲ ವಾಯವ್ಯ ಭಾರತ, ಹೊರಟದ್ದು ಸುಮಾರು 1500 ವರ್ಷಗಳ ಹಿಂದೆ ಎಂದು ಅಂದಾಜಿಸಿತು.

ಆದರೆ ನಿಮ್ಮ ಯಜಮಾನರ ಫಲಿತಾಂಶದಲ್ಲಿರುವ ‘ದಕ್ಷಿಣ ಏಷ್ಯಾ’ ಎಂಬ ಸಾಲು ತಾನಾಗಿ ರೋಮಾನಿ ಎಂದು ಹೇಳುವುದಿಲ್ಲ. ಬ್ರಿಟಿಷ್ ಕುಟುಂಬಗಳಿಗೆ ಅದು ಬರುವ ಇನ್ನೊಂದು ದಾರಿ ನಮ್ಮ ನೆಲದಿಂದಲೇ ಇದೆ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಇಲ್ಲಿಗೆ ಬಂದ ಸೈನಿಕರು, ಗುಮಾಸ್ತರು ಇಲ್ಲಿನ ಹೆಣ್ಣುಮಕ್ಕಳೊಂದಿಗೆ ಸಂಸಾರ ಮಾಡಿದರು, ಮಕ್ಕಳಲ್ಲಿ ಕೆಲವರು ಇಂಗ್ಲೆಂಡಿಗೆ ಹೋದರು. ಬೆಂಗಳೂರಿನ ದಂಡು ಪ್ರದೇಶ 1809ರಲ್ಲಿ ಆರಂಭವಾಯಿತು. ಅಲ್ಲಿನ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ವರದಿಗಳು ಮದ್ರಾಸ್ ಪ್ರಾಂತ್ಯದ ಸರಣಿಯಲ್ಲಿ ಸೇರಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಮಾವನವರ ವಂಶದಲ್ಲಿ ಯಾರಾದರೂ ಭಾರತದಲ್ಲಿ ಸೇವೆ ಸಲ್ಲಿಸಿದ್ದರೆ ಆ ಪಾಲು ಅಲ್ಲಿಂದ ಬಂದಿರಬಹುದು. ಮೊದಲು ಅದನ್ನು ತಳ್ಳಿಹಾಕಿ.

ಹಾಗಾಗಿ ಪರೀಕ್ಷೆ ಮಾಡಿಸಬೇಕಾದವರು ನಿಮ್ಮ ಅತ್ತೆಯವರು, ಅವರಿಗೆ ಒಪ್ಪಿಗೆಯಿದ್ದರೆ ಮಾತ್ರ. ಅವರು ಒಂದು ತಲೆಮಾರು ಹತ್ತಿರ, ಮಾವನವರ ಪಾಲು ಅವರಲ್ಲಿ ಬೆರೆತಿಲ್ಲ. ಮಗಳ ಮಾದರಿಯನ್ನು ಕೊಡಿಸಬೇಡಿ. ನಿಮ್ಮಿಂದ ಬಂದ ಅರ್ಧ ಪಾಲಿನಲ್ಲಿ ಅತ್ತೆಯವರ ಕಡೆಯ ಚೂರು ಮುಳುಗಿಹೋಗುತ್ತದೆ. ಶೇಕಡಾವಾರು ಲೆಕ್ಕಕ್ಕಿಂತ, ಅತ್ತೆಯವರ ಡಿಎನ್‌ಎಯೊಂದಿಗೆ ಹೊಂದುವ ಇತರರ ಪಟ್ಟಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆ ಪಟ್ಟಿಯವರ ವಂಶವೃಕ್ಷಗಳಲ್ಲಿ ಏಯರ್ಸ್, ಸ್ಮಿತ್, ಅವರೊಂದಿಗೆ ಬೀಗತನ ಬೆಳೆಸಿದ ಮನೆತನಗಳು ಕಾಣುತ್ತವೆಯೇ ಎಂದು ನೋಡಿ. ಒಂದು ಎಚ್ಚರಿಕೆ: ಈ ಬಳಗಗಳಲ್ಲಿ ಸೋದರ ಸಂಬಂಧದ ಮದುವೆಗಳು ಹೆಚ್ಚು. ನಮ್ಮ ಮನೆಗಳಂತೆಯೇ ಒಬ್ಬಳೇ ಮುತ್ತಜ್ಜಿ ವಂಶವೃಕ್ಷದ ಎರಡು ಕೊಂಬೆಗಳಲ್ಲಿ ಬರುತ್ತಾಳೆ. ಆಗ ನಾಲ್ಕನೆಯ ತಲೆಮಾರಿನ ನೆಂಟರನ್ನು ಎರಡನೆಯ ತಲೆಮಾರಿನವರೆಂದು ಯಂತ್ರ ತೋರಿಸುವ ಸಾಧ್ಯತೆಯಿದೆ.

ಬಯಲುಸೀಮೆ (ವಿಜಯಪುರ)

ನಾನು ಲಂಬಾಣಿ ತಾಂಡಾದವನು. ರೋಮಾಗಳೂ ನಾವೂ ಒಂದೇ ರಕ್ತ ಎಂದು ನಮ್ಮ ಸಭೆಗಳಲ್ಲಿ ಭಾಷಣ ಮಾಡುತ್ತಾರೆ. ಕೇಳಿದಾಗ ಹೆಮ್ಮೆಯಾಗುತ್ತದೆ. ಇದರಲ್ಲಿ ನಿಜವೆಷ್ಟು ಎಂದು ಜೀನುಗನ್ನಡಿಯವರು ಹೇಳಬೇಕು.

ಇನ್ನೊಂದು ವಿಷಯ ನನ್ನ ಮನಸ್ಸನ್ನು ಕೊರೆಯುತ್ತಿದೆ. ಇಂಗ್ಲೆಂಡಿನಲ್ಲಿ ತಲೆಹೊರೆ ವ್ಯಾಪಾರಿಗಳು ಪೊಲೀಸರಿಂದ ಪರವಾನಗಿ ಪತ್ರ ಪಡೆಯಬೇಕೆಂಬ ಕಾಯ್ದೆ ಬಂದದ್ದು 1871ರಲ್ಲಿ. ನಮ್ಮಲ್ಲಿ ಇಡೀ ಸಮುದಾಯಗಳನ್ನೇ ಅಪರಾಧಿಗಳೆಂದು ಸಾರಿದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯೂ 1871ರದೇ. ಅದು ರದ್ದಾಗಲು 1952 ಬರಬೇಕಾಯಿತು. ಹುಬ್ಬಳ್ಳಿಯಲ್ಲಿ, ಗದಗದಲ್ಲಿ ತಂತಿಬೇಲಿಯೊಳಗೆ ಜನರನ್ನಿಟ್ಟ ಸೆಟ್ಲಮೆಂಟುಗಳ ಹೆಸರು ಇಂದಿಗೂ ಬಡಾವಣೆಗಳಿಗೆ ಅಂಟಿಕೊಂಡಿದೆ. ಅಲ್ಲಿದ್ದವರ ಮೊಮ್ಮಕ್ಕಳು ತಮ್ಮ ಅಜ್ಜನ ಹೆಸರನ್ನು ಬರಹದಲ್ಲಿ ನೋಡಬೇಕೆಂದರೆ ಪೊಲೀಸ್ ಹಾಜರಿ ಪುಸ್ತಕಕ್ಕೇ ಹೋಗಬೇಕು. ತುಂಗಾತೀರ ಅಕ್ಕ, ನಿಮಗೂ ಅಂತಹ ಕಾಗದಗಳೇ ಎದುರಾಗಬಹುದು. ಓದುವಾಗ, ಬರೆದವನ ಮಾತನ್ನು ಅಜ್ಜಿಯ ಗುಣವೆಂದು ತಿಳಿಯಬೇಡಿ. ನಮ್ಮಲ್ಲಿ ವಂಶದ ಹೆಸರುಗಳನ್ನು ಹಾಡಿ ಉಳಿಸಿದ ಢಾಡಿಗಳಿದ್ದರು. ಅಲ್ಲಿಯೂ ಹಿರಿಯರ ಬಾಯಲ್ಲಿ ಹೆಸರುಗಳು ಉಳಿದಿರುತ್ತವೆ, ಅವನ್ನು ಕೇಳಿ ಬರೆದುಕೊಳ್ಳಿ.

ಜೀನುಗನ್ನಡಿ (ಬೆಂಗಳೂರು)

ಬಯಲುಸೀಮೆಯವರೇ, ಲಂಬಾಣಿ ಮಾತು ರಾಜಸ್ಥಾನಿ ಭಾಷೆಗಳ ಬಳಗಕ್ಕೆ ಸೇರಿದ್ದು. ರೋಮಾನಿಯೂ ಇಂಡೋ ಆರ್ಯನ್ ಭಾಷೆಯೇ, ಆದರೆ ಪರ್ಷಿಯನ್, ಅರ್ಮೇನಿಯನ್, ಗ್ರೀಕ್ ಪದಗಳನ್ನು ಹೊತ್ತು ಬೇರೆ ಹಾದಿ ಹಿಡಿದು ನೂರಾರು ವರ್ಷಗಳಾಗಿವೆ. ದೂರದ ನೆಂಟಸ್ತನ ಖಂಡಿತ ಇದೆ. ಲಂಬಾಣಿಗಳಿಂದಲೇ ರೋಮಾಗಳು ಕವಲೊಡೆದರು ಎನ್ನಲು ಆಧಾರವಿಲ್ಲ. ಎರಡು ಸಮುದಾಯಗಳೂ ಅನುಭವಿಸಿದ ದಬ್ಬಾಳಿಕೆಯ ಹೋಲಿಕೆಯನ್ನು ನೀವು ಗುರುತಿಸಿದ್ದು ರಕ್ತಸಂಬಂಧದ ಮಾತಿಗಿಂತ ಗಟ್ಟಿಯಾದದ್ದು ಎಂದು ನನ್ನ ಭಾವನೆ.

ನೆಕ್ಕರ್‌ದಂಡೆ (ಹೈಡೆಲ್‌ಬರ್ಗ್)

ಜರ್ಮನಿಯಲ್ಲಿರುವ ನಾನು ಈ ಮಾತನ್ನು ಮುಂದುವರಿಸಲೇಬೇಕು. ಇಲ್ಲಿನ ಸಿಂಟಿ (ಇಲ್ಲಿ ಬಹುಕಾಲದಿಂದ ಇರುವ ರೋಮಾನಿ ಗುಂಪು) ಮತ್ತು ರೋಮಾ ಕುಟುಂಬಗಳ ವಂಶಾವಳಿಯನ್ನು ಎಲ್ಲರಿಗಿಂತ ವಿವರವಾಗಿ ಬರೆದವರು ಅವರ ಕೊಲೆಗೆ ದಾರಿ ಮಾಡಿದವರೇ. ನಾಜಿ ಆಡಳಿತದಲ್ಲಿ ರಾಬರ್ಟ್ ರಿಟ್ಟರ್ ಎಂಬ ವೈದ್ಯನ ನೇತೃತ್ವದ ಕಚೇರಿ ಊರೂರು ತಿರುಗಿ, ಅಜ್ಜ ಅಜ್ಜಿಯರ ಹೆಸರು ಕೇಳಿ, ಚರ್ಚಿನ ಪುಸ್ತಕಗಳನ್ನು ಜಾಲಾಡಿ, ಸಾವಿರಾರು ಜನರ ವಂಶವೃಕ್ಷ ತಯಾರಿಸಿತು. ಯಾರನ್ನು ಆಶ್‌ವಿಟ್ಜ್ ಎಂಬ ಹತ್ಯಾ ಶಿಬಿರಕ್ಕೆ ಕಳಿಸಬೇಕೆಂದು ಆರಿಸಲು ಅದೇ ಕಾಗದಗಳು ಒದಗಿದವು. ಅಲ್ಲಿನ ‘ಕುಟುಂಬ ಶಿಬಿರ’ಕ್ಕೆ ಸುಮಾರು 23,000 ಜನರನ್ನು ಸಾಗಿಸಿದರು. 1944ರ ಆಗಸ್ಟ್ 2ರ ರಾತ್ರಿ ಉಳಿದಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೊಂದರು. ಆ ಶಿಬಿರದ ಹೆಸರುಪಟ್ಟಿಯ ದೊಡ್ಡ ಪುಸ್ತಕಗಳನ್ನು ಪೋಲಿಷ್ ಕೈದಿಗಳು ಕದ್ದು ನೆಲದಲ್ಲಿ ಹೂತಿಟ್ಟಿದ್ದರು, 1949ರಲ್ಲಿ ಅವು ಮಣ್ಣಿನಿಂದ ಹೊರಬಂದವು. ತೇವಕ್ಕೆ ಕೆಲವು ಪುಟಗಳು ಹಾಳಾಗಿವೆ, ಆದರೂ ಹೆಸರುಗಳನ್ನು ಓದಬಹುದು.

ಇಲ್ಲಿನ ಹಿರಿಯರು ವಂಶದ ಪ್ರಶ್ನೆ ಕೇಳಿದೊಡನೆ ಬಾಗಿಲು ಹಾಕಿಕೊಳ್ಳುವುದು ಇದೇ ಕಾರಣಕ್ಕೆ. ಇಂಗ್ಲೆಂಡಿನ ಕಥೆ ಬೇರೆಯಾದರೂ, ನಿಮ್ಮ ಅತ್ತೆಯವರ ಮೌನವನ್ನು ಗೌರವಿಸಿ. ಅವರ ಒಪ್ಪಿಗೆಯಿಲ್ಲದೆ ಬದುಕಿರುವ ಯಾರ ಹೆಸರನ್ನೂ ಜಾಲತಾಣದ ವಂಶವೃಕ್ಷಕ್ಕೆ ಏರಿಸಬೇಡಿ.

ತುಂಗಾತೀರ (ರೆಡಿಂಗ್)

ನಿಮ್ಮೆಲ್ಲರ ಬರಹಗಳನ್ನು ಅಚ್ಚು ಹಾಕಿಸಿಕೊಂಡು ಪಕ್ಕದಲ್ಲಿಟ್ಟುಕೊಂಡೇ ಹುಡುಕಿದೆ. ಸಿಕ್ಕಿದ್ದಾರೆ!

ಸ್ಮಿತ್ ಮತ್ತು ಏಯರ್ಸ್ ಜೋಡಿಸಿ ನೋಡಿದಾಗ ಮೂವರು ಮಕ್ಕಳು, ಬರೀ ಏಯರ್ಸ್ ಎಂದಾಗ ಇನ್ನೂ ಇಬ್ಬರು ಸಿಕ್ಕಿದರು. ಒಬ್ಬ ವಾಂಡ್ಸ್‌ವರ್ತ್‌ನಲ್ಲಿ ವರ್ಷದ ಮೊದಲ ತ್ರೈಮಾಸಿಕ, ಒಬ್ಬಳು ಸ್ಟ್ರಾಬೆರಿ ಬೆಳೆಯುವ ಫೇರಮ್ ಕಡೆ ಎರಡನೆಯದರಲ್ಲಿ, ಮತ್ತೊಬ್ಬ ಆಲ್ಟನ್‌ನಲ್ಲೇ ಮೂರನೆಯದರಲ್ಲಿ. ದಾಖಲೆಮನೆ ಅಣ್ಣ ಹೇಳಿದ ಹಾದಿ ಕಣ್ಣಮುಂದೆ ಬಂದಂತಾಯಿತು. 1901ರಲ್ಲಿ ಅವರೆಲ್ಲ ವಾಂಡ್ಸ್‌ವರ್ತ್‌ನಲ್ಲಿದ್ದಾರೆ, ಗಣತಿ ಪುಸ್ತಕದ ಕೊನೆಯ ಪುಟದಲ್ಲಿ, ‘ಬಂಡಿ’ ಎಂಬ ವಿಳಾಸದಲ್ಲಿ. ಗಣತಿಯವನು ಅಡ್ಡಹೆಸರನ್ನು ‘ಏರ್ಸ್’ ಎಂದು ಬರೆದಿದ್ದಾನೆ. ಪಕ್ಕದ ಬಂಡಿಗಳಲ್ಲಿ ಕೂಪರ್, ಲೀ ಮನೆಯವರು. ಮಾವನವರ ಕಡೆಯಲ್ಲಿ ಭಾರತಕ್ಕೆ ಹೋದವರು ಯಾರೂ ಕಾಣಲಿಲ್ಲ.

1911ರ ಗಣತಿಯ ಅರ್ಜಿಯನ್ನು ಓದುವಾಗ ಮಾತ್ರ ಕೈ ನಿಂತಿತು. ಆ ವರ್ಷ ಮದುವೆಯಾದ ಹೆಂಗಸರಿಗೆ ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಉಳಿದರು ಎಂದು ಕೇಳಿದ್ದರಲ್ಲ, ಆ ತಾಯಿಯ ಸಾಲಿನಲ್ಲಿ ಹನ್ನೊಂದು, ಆರು, ಐದು ಎಂದಿದೆ. ಹನ್ನೊಂದು ಹೆತ್ತು ಐದನ್ನು ಕಳೆದುಕೊಂಡಿದ್ದಳು. ಸೂಚಿಯಲ್ಲಿ ನನಗೆ ಸಿಕ್ಕದ ಮಕ್ಕಳಲ್ಲಿ ಕೆಲವರು ಅವರೇ ಇರಬೇಕು.

ಇದನ್ನು ಅತ್ತೆಯವರಿಗೆ ತೋರಿಸಿದೆ. ಬಹಳ ಹೊತ್ತು ಓದಿದರು. ಆಮೇಲೆ, ತಮ್ಮ ಅಜ್ಜಿಯ ತಾಯಿ ತೀರಿಕೊಂಡಾಗ ಆಕೆಯ ಬಂಡಿಯನ್ನೂ ಹಾಸಿಗೆಯನ್ನೂ ಸುಟ್ಟರಂತೆ, ಪಿಂಗಾಣಿ ತಟ್ಟೆಗಳನ್ನು ಒಡೆದರಂತೆ ಎಂದು ತಾವಾಗಿಯೇ ಹೇಳಿದರು. ಚಿಕ್ಕವರಿದ್ದಾಗ ಕೇಳಿದ ಮಾತಂತೆ. ಮನೆಯಲ್ಲಿ ಆಕೆಯ ಒಂದು ವಸ್ತುವೂ ಏಕಿಲ್ಲ ಎಂಬ ನನ್ನ ಪ್ರಶ್ನೆಗೆ ಅದೇ ಉತ್ತರವಾಯಿತು. ಪರೀಕ್ಷೆಗೆ ಮಾದರಿ ಕೊಡಲು ಅವರಿಗೆ ಇಷ್ಟವಿಲ್ಲ, ನಾನು ಮತ್ತೆ ಕೇಳುವುದಿಲ್ಲ. ಮಾತು ಮಾತ್ರ ಬರೆದುಕೊಳ್ಳಲು ಒಪ್ಪಿದ್ದಾರೆ.

ಮುಂದಿನ ವಾರ ವಿಂಚೆಸ್ಟರ್‌ನ ಹ್ಯಾಂಪ್‌ಶೈರ್ ಪತ್ರಾಗಾರಕ್ಕೆ ಹೋಗುತ್ತಿದ್ದೇನೆ. ಆಕೆಯ ತಂದೆ ತಾಯಿಗಿಂತ ಹಿಂದಕ್ಕೆ ಹೋಗಲು ಅಲ್ಲಿ ಏನನ್ನು ಕೇಳಬೇಕು?

ದಾಖಲೆಮನೆ (ಲೀಡ್ಸ್)

ಓದಿ ತುಂಬ ಸಂತೋಷವಾಯಿತು ತಂಗೀ. ಅಲ್ಲಿ ಮೊದಲು ಚರ್ಚುಗಳ ದೀಕ್ಷಾಸ್ನಾನದ ರಿಜಿಸ್ಟರುಗಳನ್ನು ಕೇಳಿ. ರೋಮಾನಿ ಕುಟುಂಬಗಳು ಮಕ್ಕಳಿಗೆ ದೀಕ್ಷಾಸ್ನಾನವನ್ನು ಶ್ರದ್ಧೆಯಿಂದ ಮಾಡಿಸುತ್ತಿದ್ದವು, ಒಂದೇ ಮಗುವಿಗೆ ಎರಡು ಊರುಗಳಲ್ಲಿ ಮಾಡಿಸಿದ್ದೂ ಇದೆ. ವಿಳಾಸದ ಕಡೆ ‘ಅಲೆಮಾರಿ’, ‘ಪರಸ್ಥಳದವರು’, ‘ಬಯಲಿನಲ್ಲಿ ಬಿಡಾರ’ ಎಂಬಂಥ ಒಕ್ಕಣೆಗಳನ್ನು ಗಮನಿಸಿ. ಇನ್ನೂ ಹಿಂದಕ್ಕೆ ಹೋದರೆ ‘ಈಜಿಪ್ಟಿನವರು’ ಎಂದಿರುತ್ತದೆ. ಇವರು ಈಜಿಪ್ಟಿನಿಂದ ಬಂದವರೆಂದು ಆಗ ನಂಬಿದ್ದರು. ಆ ಹೆಸರಿನಲ್ಲೇ 1530ರಲ್ಲಿ ದೇಶದಿಂದ ಹೊರಹಾಕುವ ಕಾಯ್ದೆ ಬಂತು, 1554ರಲ್ಲಿ ದೇಶ ಬಿಡದಿದ್ದವರಿಗೆ ಮರಣದಂಡನೆಯಾಯಿತು. ಆ ಕಾಯ್ದೆಗಳು ಪೂರ್ತಿ ತೊಲಗಲು ಶತಮಾನಗಳೇ ಬೇಕಾದವು. ಅಷ್ಟು ಹಿಂದಿನವರು ಹೆಸರು ಮರೆಸಿಕೊಂಡಿದ್ದರೆ ಅದು ಪ್ರಾಣಕ್ಕಾಗಿ.

ಆಮೇಲೆ ಬಡವರ ಪೋಷಣೆಯ ಕಾಗದಗಳು. ಊಟಕ್ಕಿಲ್ಲದೆ ಊರವರ ನೆರವು ಕೇಳಿದವರನ್ನು ನ್ಯಾಯಾಧಿಕಾರಿಯ ಮುಂದೆ ಕೂರಿಸಿ, ಎಲ್ಲಿ ಹುಟ್ಟಿದೆ, ತಂದೆ ಯಾರು, ಎಲ್ಲೆಲ್ಲಿ ದುಡಿದೆ ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಅಂತಹ ಒಂದು ಹೇಳಿಕೆ ಸಿಕ್ಕರೆ ಒಂದು ಜೀವನಚರಿತ್ರೆ ಸಿಕ್ಕಂತೆ.

ಕೊನೆಗೆ ಸಣ್ಣ ನ್ಯಾಯಾಲಯಗಳ ಮತ್ತು ಸೆರೆಮನೆಯ ಪುಸ್ತಕಗಳು. 1824ರ ಅಲೆಮಾರಿ ಕಾಯ್ದೆಯಲ್ಲಿ ಕಣಿ ಹೇಳಿದ್ದಕ್ಕೆ, ಡೇರೆಯಲ್ಲೋ ಬಂಡಿಯಲ್ಲೋ ಮಲಗಿದ್ದಕ್ಕೆ ಶಿಕ್ಷೆಯಿತ್ತು. 1835ರ ಹೆದ್ದಾರಿ ಕಾಯ್ದೆಯಲ್ಲಿ ರಸ್ತೆಬದಿ ಡೇರೆ ಹಾಕಿದ್ದಕ್ಕೆ 40 ಶಿಲಿಂಗ್‌ವರೆಗೆ ದಂಡ. ಇವೆಲ್ಲ ಸ್ಥಳೀಯ ನ್ಯಾಯಾಧಿಕಾರಿಗಳೇ ತೀರ್ಮಾನಿಸುತ್ತಿದ್ದ ಪ್ರಕರಣಗಳು, ಆದ್ದರಿಂದ ಮೂರು ತಿಂಗಳಿಗೊಮ್ಮೆ ಕೂರುತ್ತಿದ್ದ ದೊಡ್ಡ ನ್ಯಾಯಾಲಯದ ಕಡತಗಳನ್ನಷ್ಟೇ ನೋಡಿ ವಾಪಸಾಗಬೇಡಿ. ದಂಡ ಕಟ್ಟಲಾಗದೆ ಒಳಗೆ ಹೋದವರ ಎತ್ತರ, ಕಣ್ಣಿನ ಬಣ್ಣ, ಮೈಮೇಲಿನ ಗಾಯದ ಗುರುತು, ಹುಟ್ಟಿದ ಊರನ್ನು ಸೆರೆಮನೆಯವರು ಬರೆದಿಡುತ್ತಿದ್ದರು. ಫೋಟೋ ಇಲ್ಲದ ಆ ಅಜ್ಜಂದಿರ ಮುಖಚಹರೆ ಎಲ್ಲಾದರೂ ಉಳಿದಿದ್ದರೆ ಅಲ್ಲೇ. ಪತ್ರಾಗಾರದಲ್ಲಿ ಆಲ್ಟನ್ ಮತ್ತು ಫೇರಮ್ ಎರಡೂ ವಿಭಾಗಗಳ ಪುಸ್ತಕಗಳನ್ನು ಮುಂಚಿತವಾಗಿ ಕಾಯ್ದಿರಿಸಿ, ಹೆಸರಿನ ನಾಲ್ಕಾರು ಕಾಗುಣಿತಗಳನ್ನು ಬರೆದುಕೊಂಡು ಹೋಗಿ.